ಕಾಯುವವರ ಕಾಲಕ್ಕೆ ಬೆಲೆ

ಬ್ಯಾಂಕಿನ ಕೌಂಟರಿನ ಮುಂದೆ ಕದಲದೆ ನಿಂತ ಸಾಲು, ಸಂಗೀತ ಕೇಳಿಸುತ್ತಲೇ ಇದ್ದು ಮನುಷ್ಯರ ದನಿಗೆ ತಲುಪದ ಗ್ರಾಹಕ ಸೇವಾ ಕೇಂದ್ರದ ಕರೆ, ನಾಡಕಚೇರಿಯಲ್ಲಿ ಸಿಗುವ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಉತ್ತರ, ತಿಂಗಳಾದರೂ ದುರಸ್ತಿಯಾಗದ ಅಪಾರ್ಟ್‌ಮೆಂಟಿನ ಲಿಫ್ಟ್, ಮೇಲಿನ ಮನೆಯ ಬಚ್ಚಲಿನಿಂದ ಕೆಳಮನೆಯ ಚಾವಣಿಗೆ ಜಿನುಗುವ ನೀರು: ಇವನ್ನು ನಗರವಾಸಿಗಳು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಕಿರಿಕಿರಿಗಳೆಂದೇ ಎಣಿಸುತ್ತಾರೆ. ಇವುಗಳಿಗೆ ಸಾಮಾನ್ಯವಾಗಿ ಕೊಡುವ ಕಾರಣವೂ ಒಂದೇ ಬಗೆಯದು. ಗುಮಾಸ್ತರಿಗೆ ಸೌಜನ್ಯವಿಲ್ಲ, ಕರೆ ಸ್ವೀಕರಿಸುವವರಿಗೆ ತಿಳಿವಳಿಕೆಯಿಲ್ಲ, ನೆರೆಯವರಿಗೆ ಸಂಸ್ಕಾರವಿಲ್ಲ ಎಂದು ವ್ಯಕ್ತಿಗಳ ಗುಣದ ಮೇಲೆ ಹೊಣೆ ಹೊರಿಸಿದರೆ ಚರ್ಚೆ ಮುಗಿದುಹೋಗುತ್ತದೆ. ಆದರೆ ಸ್ವಭಾವದಲ್ಲಿ ಒಳ್ಳೆಯವರೇ ಆದ ನೌಕರರು ಕುಳಿತ ಕಚೇರಿಯಲ್ಲೂ ಸಾಲು ಕದಲದಿರುವುದು, ಸಭ್ಯರೇ ತುಂಬಿದ ವಸತಿ ಸಮುಚ್ಚಯದಲ್ಲೂ ನೀರಿನ ಜಗಳ ನಿಲ್ಲದಿರುವುದು ಏಕೆ ಎಂಬ ಪ್ರಶ್ನೆಗೆ ಈ ವಿವರಣೆಯಲ್ಲಿ ಉತ್ತರವಿಲ್ಲ.

ಈ ಎಲ್ಲ ಸಂದರ್ಭಗಳಲ್ಲಿ ಸಮಾನವಾಗಿರುವ ಸಂಗತಿಗಳು ಎರಡು. ಮೊದಲನೆಯದು, ಕಾಯುವವರ ಸಮಯ ಕಾಯಿಸುವವರ ಲೆಕ್ಕದ ಪುಸ್ತಕದಲ್ಲಿ ಖರ್ಚಾಗಿ ದಾಖಲಾಗುವುದಿಲ್ಲ; ಆದ್ದರಿಂದ ಅದನ್ನು ಎಷ್ಟು ಬೇಕಾದರೂ ಬಳಸಿಕೊಳ್ಳಬಹುದು. ಎರಡನೆಯದು, ತೊಂದರೆಗೊಳಗಾದವರ ಎದುರಿಗೆ ಕಾಣುವ ವ್ಯಕ್ತಿಗೆ ತೊಂದರೆ ಸರಿಪಡಿಸುವ ಅಧಿಕಾರ ಇರುವುದಿಲ್ಲ, ಆ ಅಧಿಕಾರ ಇರುವವರು ಎದುರಿಗೆ ಕಾಣುವುದಿಲ್ಲ. ಈ ಎರಡು ಅಂಶಗಳು ಕೂಡಿದ ಕಡೆಯಲ್ಲೆಲ್ಲ, ಅದು ಅಂಗಡಿಯಾಗಿರಲಿ, ಕಚೇರಿಯಾಗಿರಲಿ, ವಾಸದ ಕಟ್ಟಡವಾಗಿರಲಿ, ಅಸಹನೆ ಹುಟ್ಟುತ್ತದೆ ಮತ್ತು ಅದು ತಪ್ಪು ವ್ಯಕ್ತಿಯ ಮೇಲೆ ಸ್ಫೋಟಗೊಳ್ಳುತ್ತದೆ. ಪರಿಹಾರವೂ ಇಲ್ಲಿಂದಲೇ ಹೊರಡಬೇಕು: ಕಾಯುವವರ ಕಾಲಕ್ಕೆ ಬೆಲೆ ಕಟ್ಟಬೇಕು ಮತ್ತು ಆ ಬೆಲೆಯನ್ನು ತೆರಬೇಕಾದವರು ಯಾರೆಂಬುದು ಮೊದಲೇ ನಿಗದಿಯಾಗಿರಬೇಕು.

ಸಾಲುಗಳು ಏಕೆ ಬೆಳೆಯುತ್ತವೆ ಎಂಬುದನ್ನು ಗಣಿತ ಒಂದು ಶತಮಾನಕ್ಕೂ ಹಿಂದೆಯೇ ವಿವರಿಸಿದೆ. ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್ ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಎಷ್ಟು ಕರೆಗಳಿಗೆ ಎಷ್ಟು ತಂತಿಗಳು ಮತ್ತು ಎಷ್ಟು ಆಪರೇಟರುಗಳು ಬೇಕೆಂಬ ಪ್ರಶ್ನೆಯನ್ನು ಎತ್ತಿಕೊಂಡು 1909ರಲ್ಲಿ ಪ್ರಕಟಿಸಿದ ಪ್ರಬಂಧ ಸರದಿ ಸಿದ್ಧಾಂತ ಎಂಬ ಶಾಖೆಗೆ ತಳಹದಿಯಾಯಿತು. ಈ ಸಿದ್ಧಾಂತದ ಮುಖ್ಯ ಪರಿಕಲ್ಪನೆ ಬಳಕೆಯ ಪ್ರಮಾಣ, ಅಂದರೆ ಕೌಂಟರಿನಲ್ಲಿ ಕುಳಿತವರ ಒಟ್ಟು ಸಮಯದಲ್ಲಿ ಕೆಲಸಕ್ಕೆ ತೊಡಗುವ ಪಾಲು. ಜನ ಗೊತ್ತಾದ ಹೊತ್ತಿಗಲ್ಲದೆ ಯಾದೃಚ್ಛಿಕವಾಗಿ ಬರುವ, ಒಬ್ಬೊಬ್ಬರ ಕೆಲಸಕ್ಕೂ ಹಿಡಿಯುವ ಅವಧಿ ಹೆಚ್ಚುಕಡಿಮೆಯಾಗುವ, ಸರಾಸರಿ 5 ನಿಮಿಷ ತೆಗೆದುಕೊಳ್ಳುವ ಒಂದೇ ಕೌಂಟರನ್ನು ಊಹಿಸಿಕೊಂಡರೆ, ಸರಳ ಮಾದರಿಯ ಪ್ರಕಾರ, ನೌಕರರ ಸಮಯದ ಶೇ. 50ರಷ್ಟು ಮಾತ್ರ ಕೆಲಸದಲ್ಲಿ ಕಳೆಯುವಾಗ ಸಾಲಿನಲ್ಲಿ ಸರಾಸರಿ 5 ನಿಮಿಷ ಕಾಯಬೇಕಾಗುತ್ತದೆ, ಅದು ಶೇ. 80ಕ್ಕೆ ಏರಿದಾಗ 20 ನಿಮಿಷ, ಶೇ. 90ಕ್ಕೆ ಏರಿದಾಗ 45 ನಿಮಿಷ, ಶೇ. 95 ಮುಟ್ಟಿದಾಗ 95 ನಿಮಿಷ ಕಾಯಬೇಕಾಗುತ್ತದೆ. ಕೆಲಸದ ಒತ್ತಡ ಹಂತಹಂತವಾಗಿ ಏರಿದರೂ ಕಾಯುವಿಕೆ ಆ ಹಂತಗಳನ್ನು ಮೀರಿ ಏರುತ್ತದೆ ಎಂಬುದೇ ಇದರ ತಿರುಳು.

ಇದರಿಂದ ಹೊರಡುವ ತೀರ್ಮಾನ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿ ಕಾಣಬಹುದು. ಕೌಂಟರಿನಲ್ಲಿ ಕುಳಿತವರು ಆಗಾಗ ಕೆಲಸವಿಲ್ಲದೆ ಇರುವುದು ದಂಡವಲ್ಲ, ಸಾಲು ಚಿಕ್ಕದಾಗಿರಬೇಕಾದರೆ ಆ ಬಿಡುವು ಅಗತ್ಯ. ಆದರೆ ಸಂಬಳದ ಪಟ್ಟಿಯನ್ನು ಮಾತ್ರ ನೋಡುವ ಆಡಳಿತ ವರ್ಗಕ್ಕೆ ಈ ಬಿಡುವು ನಷ್ಟವಾಗಿ ಕಾಣುತ್ತದೆ, ಹುದ್ದೆಗಳನ್ನು ಕಡಿತಗೊಳಿಸಿ ಇರುವವರನ್ನು ಪೂರ್ತಿ ದುಡಿಸಿಕೊಳ್ಳುವುದು ದಕ್ಷತೆಯಾಗಿ ಕಾಣುತ್ತದೆ. ಒಂದು ಹುದ್ದೆ ಕಡಿತಗೊಳಿಸಿದ್ದರಿಂದ ಸಂಸ್ಥೆಗೆ ಆದ ಉಳಿತಾಯ ಲೆಕ್ಕಪತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತದೆ, ಅದಕ್ಕಾಗಿ ನೂರಾರು ಜನ ಕಳೆದುಕೊಂಡ ಅರ್ಧ ದಿನದ ಕೂಲಿ, ಹಾಕಬೇಕಾದ ರಜೆ, ಎರಡನೆಯ ಸಲದ ಬಸ್ ಚಾರ್ಜು ಎಲ್ಲಿಯೂ ಮೂಡುವುದಿಲ್ಲ. ವಾಸ್ತವವಾಗಿ ಇಲ್ಲಿ ಖರ್ಚು ಉಳಿದಿಲ್ಲ, ಸಂಸ್ಥೆಯ ಹೆಗಲಿಂದ ಜನರ ಹೆಗಲಿಗೆ ವರ್ಗವಾಗಿದೆ. ದಿನಗೂಲಿಯವರಿಗೆ ಈ ಹೊರೆ ಎಲ್ಲರಿಗಿಂತ ಹೆಚ್ಚು, ಏಕೆಂದರೆ ಅವರ ಸಮಯಕ್ಕೆ ಪ್ರತಿದಿನವೂ ನೇರವಾದ ಬೆಲೆಯಿದೆ ಮತ್ತು ತಮ್ಮ ಪರವಾಗಿ ಸಾಲಿನಲ್ಲಿ ನಿಲ್ಲಲು ಮಧ್ಯವರ್ತಿಯನ್ನು ಹಿಡಿಯುವಷ್ಟು ಹಣ ಅವರಲ್ಲಿಲ್ಲ.

ಕಾಯುವಿಕೆಯ ಅವಧಿಯಷ್ಟೇ ಅದರ ಸ್ವರೂಪವೂ ಮನಸ್ಸನ್ನು ಕೆರಳಿಸುತ್ತದೆ. ನಿರ್ವಹಣಾ ತಜ್ಞ ಡೇವಿಡ್ ಮೇಸ್ಟರ್ 1985ರಲ್ಲಿ ಸರದಿಯ ಮನೋವಿಜ್ಞಾನವನ್ನು ಕುರಿತು ಬರೆದ ಪ್ರಬಂಧದಲ್ಲಿ, ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ ತಿಳಿದ ಕಾಯುವಿಕೆಗಿಂತ, ಕಾರಣ ಹೇಳದ ವಿಳಂಬ ಕಾರಣ ಹೇಳಿದ ವಿಳಂಬಕ್ಕಿಂತ, ಅನ್ಯಾಯದ ಸರದಿ ನ್ಯಾಯವಾದ ಸರದಿಗಿಂತ ದೀರ್ಘವಾಗಿ ಅನುಭವಕ್ಕೆ ಬರುತ್ತದೆ ಎಂದು ವಿವರಿಸಿದರು. ಹಲವು ಕೌಂಟರುಗಳಿಗೆ ಬೇರೆಬೇರೆ ಸಾಲುಗಳ ಬದಲು ಒಂದೇ ಸಾಲು ಅಥವಾ ಟೋಕನ್ ಇದ್ದರೆ ಜನ ಶಾಂತವಾಗಿರುವುದಕ್ಕೆ ಇದೇ ಕಾರಣ. ಅಲ್ಲಿ ತಡವಾಗಿ ಬಂದವರು ಮೊದಲು ಹೋಗುವ ಸಾಧ್ಯತೆಯಿಲ್ಲ, ತನ್ನ ಸರದಿ ಎಷ್ಟು ದೂರವಿದೆ ಎಂಬುದು ಗೋಡೆಯ ಮೇಲಿನ ಫಲಕದಲ್ಲಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಕೌಂಟರಿನ ಹಿಂದಿನಿಂದ ಬಂದ ಪರಿಚಿತರೊಬ್ಬರ ಕೆಲಸ ಮೊದಲು ಮುಗಿದರೆ, ಅದಕ್ಕೆ ತಗಲಿದ್ದು ಎರಡೇ ನಿಮಿಷವಾದರೂ, ಸಾಲಿನಲ್ಲಿ ನಿಂತ ಇಪ್ಪತ್ತು ಜನರ ಸಹನೆ ಒಮ್ಮೆಲೇ ಕೆಡುತ್ತದೆ.

ದೂರವಾಣಿ ಮತ್ತು ಆ್ಯಪ್‌ಗಳ ಮೂಲಕ ನಡೆಯುವ ಗ್ರಾಹಕ ಸೇವೆಯಲ್ಲಿ ಸಾಲು ಕಣ್ಣಿಗೆ ಕಾಣದಂತಾಗಿದೆ, ಇಲ್ಲವಾಗಿಲ್ಲ. ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂಬಂತಹ ಧ್ವನಿಮುದ್ರಿತ ಸೂಚನೆಗಳ ಸರಣಿ ಕರೆ ಮಾಡಿದವರನ್ನು ಸರಿಯಾದ ವಿಭಾಗಕ್ಕೆ ಕಳುಹಿಸಲೆಂದು ರೂಪಿಸಿದ ವ್ಯವಸ್ಥೆ. ಆದರೆ ಮಾತನಾಡುವ ಮನುಷ್ಯರನ್ನು ತಲುಪುವ ಆಯ್ಕೆಯನ್ನು ಕೊನೆಯ ಪದರದಲ್ಲಿ ಅಡಗಿಸಿಟ್ಟಾಗ ಅದೇ ವ್ಯವಸ್ಥೆ ಜನರನ್ನು ದೂರವಿಡುವ ಬೇಲಿಯಾಗುತ್ತದೆ. ಬೇಲಿ ದಾಟಿದವರನ್ನು ಎದುರುಗೊಳ್ಳುವುದು ಅಳತೆಗಳ ಲೋಕ. ಕಾಲ್ ಸೆಂಟರುಗಳಲ್ಲಿ ನೌಕರರ ಕೆಲಸವನ್ನು ಅಳೆಯುವ ಒಂದು ಮುಖ್ಯ ಮಾನದಂಡ ಸರಾಸರಿ ನಿರ್ವಹಣಾ ಸಮಯ, ಅಂದರೆ ಒಂದು ಕರೆಯನ್ನು ಮುಗಿಸಲು ತೆಗೆದುಕೊಂಡ ಸರಾಸರಿ ಅವಧಿ. ಇನ್ನೊಂದು, ದೂರಿನ ದಾಖಲೆಯಾದ ‘ಟಿಕೆಟ್’ ಮುಚ್ಚುವ ವೇಗ. ಅಳತೆಯೊಂದು ಸಾಧಿಸಬೇಕಾದ ಗುರಿಯಾಗಿ ಮಾರ್ಪಟ್ಟೊಡನೆ ಅಳತೆಯಾಗಿ ಅದರ ಬೆಲೆ ಕುಂದುತ್ತದೆ ಎಂಬ ತತ್ತ್ವವನ್ನು, ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಮಂಡಿಸಿದ ವಿಚಾರದಿಂದ ಬೆಳೆದುಬಂದ ಕಾರಣ, ಗುಡ್‌ಹಾರ್ಟ್ ನಿಯಮ ಎಂದು ಕರೆಯುತ್ತಾರೆ. ಕರೆ ಬೇಗ ಮುಗಿಯಬೇಕೆಂಬುದೇ ಗುರಿಯಾದರೆ ಕಷ್ಟದ ದೂರನ್ನು ಬೇರೆ ವಿಭಾಗಕ್ಕೆ ದಾಟಿಸುವುದು ಜಾಣತನವಾಗುತ್ತದೆ, ಟಿಕೆಟ್ ಮುಚ್ಚುವುದೇ ಗುರಿಯಾದರೆ ಫ್ರಿಡ್ಜ್ ಇನ್ನೂ ತಣ್ಣಗಾಗದಿದ್ದರೂ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಬರುತ್ತದೆ. ಹೊಸ ಕರೆ, ಹೊಸ ಟಿಕೆಟ್, ಹೊಸ ವ್ಯಕ್ತಿಗೆ ಮೊದಲಿನಿಂದ ಕಥೆ ಹೇಳುವ ಕೆಲಸ ಮತ್ತೆ ಗ್ರಾಹಕರಿಗೇ ಬೀಳುತ್ತದೆ.

ಕರೆಯ ಇನ್ನೊಂದು ತುದಿಯಲ್ಲಿರುವವರ ಸ್ಥಿತಿ ಇದಕ್ಕಿಂತ ಹಗುರವಾದುದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನ ಪರಿಚಾರಕಿಯರು ಮತ್ತು ಸಾಲ ವಸೂಲಿಗಾರರನ್ನು ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾವನಾತ್ಮಕ ಶ್ರಮ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ತನ್ನೊಳಗಿನ ಭಾವನೆ ಏನೇ ಇದ್ದರೂ ಉದ್ಯೋಗದಾತ ಬಯಸಿದ ಭಾವವನ್ನು, ನಗುವನ್ನಾಗಲಿ ಗದರಿಕೆಯನ್ನಾಗಲಿ, ಸಂಬಳಕ್ಕಾಗಿ ಪ್ರದರ್ಶಿಸಬೇಕಾದ ದುಡಿಮೆಯೇ ಭಾವನಾತ್ಮಕ ಶ್ರಮ. ಹಣ ಮರಳಿಸುವ ಅಧಿಕಾರವಿಲ್ಲದೆ, ನಿಯಮ ಸಡಿಲಿಸುವ ಅಧಿಕಾರವಿಲ್ಲದೆ, ಕ್ಷಮೆ ಕೇಳುವ ಕರ್ತವ್ಯ ಮಾತ್ರ ಇರುವ ನೌಕರರು ಸಂಸ್ಥೆಯ ತಪ್ಪು ಮತ್ತು ಗ್ರಾಹಕರ ಸಿಟ್ಟಿನ ನಡುವೆ ಇಟ್ಟ ಮೆತ್ತೆಯಂತೆ ಬಳಕೆಯಾಗುತ್ತಾರೆ. ಸರ್ಕಾರಿ ಕಚೇರಿಯ ಕೆಳಹಂತದಲ್ಲೂ ಇಂಥದೇ ಇಕ್ಕಟ್ಟು ಇದೆ. ಜನರನ್ನು ನೇರವಾಗಿ ಎದುರಿಸುವ ಶಿಕ್ಷಕ, ಪೊಲೀಸ್, ಗುಮಾಸ್ತರಂಥವರನ್ನು ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್‌ಸ್ಕಿ 1980ರ ತಮ್ಮ ಕೃತಿಯಲ್ಲಿ ಬೀದಿಮಟ್ಟದ ಅಧಿಕಾರಿಗಳೆಂದು ಗುರುತಿಸಿ, ಮುಗಿಸಲಾಗದಷ್ಟು ಕೆಲಸ ಬಂದಾಗ ಅವರು ಅಡ್ಡದಾರಿಗಳನ್ನು ಕಂಡುಕೊಳ್ಳುತ್ತಾರೆ ಎಂದು ತೋರಿಸಿದರು. ಅರ್ಜಿಯಲ್ಲಿ ಒಂದು ಕೊರತೆ ಹುಡುಕಿ ವಾಪಸು ಕಳುಹಿಸುವುದು ಎಷ್ಟೋ ವೇಳೆ ದುರುದ್ದೇಶದಿಂದಲ್ಲ, ಆ ದಿನದ ಸಾಲನ್ನು ಚಿಕ್ಕದಾಗಿಸುವ ಉಪಾಯವಾಗಿ ನಡೆಯುತ್ತದೆ.

ಸೇವೆ ಕೊಡುವವರ ದೇಹದ ದಣಿವು ಸೇವೆಯ ಗುಣಮಟ್ಟಕ್ಕೆ ಸಂಬಂಧಿಸಿದ್ದೆಂಬುದನ್ನು ಕಾನೂನು ತಡವಾಗಿ ಗುರುತಿಸಿದೆ. ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಅವಕಾಶ ಸಿಕ್ಕಾಗ ಕುಳಿತುಕೊಳ್ಳಲು ಆಸನ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ಹೇಳಿತ್ತಾದರೂ, ದಿನವಿಡೀ ನಿಂತೇ ಸೀರೆ ಬಿಡಿಸಿ ತೋರಿಸುವ ಅಂಗಡಿ ಕೆಲಸಗಾರರಿಗೆ ಅದು ಅನ್ವಯಿಸುತ್ತಿರಲಿಲ್ಲ. ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಮಹಿಳಾ ಕೆಲಸಗಾರರು ಆರಂಭಿಸಿದ ಹೋರಾಟದ ಫಲವಾಗಿ ಕೇರಳ 2018ರಲ್ಲಿ, ಅದರ ನಂತರ ತಮಿಳುನಾಡು 2021ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು ಕುಳಿತುಕೊಳ್ಳುವ ಹಕ್ಕನ್ನು ನೀಡಿದವು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ದಿನಕ್ಕೆ 9 ಮತ್ತು ವಾರಕ್ಕೆ 48 ಗಂಟೆಗಳ ಸಾಮಾನ್ಯ ಮಿತಿಯನ್ನು ವಿಧಿಸಿದೆ. ಮನೆಬಾಗಿಲಿಗೆ ಊಟ, ದಿನಸಿ ತಲುಪಿಸುವವರು ಇಂತಹ ಮಿತಿಗಳ ಹೊರಗೇ ಉಳಿದಿದ್ದರು. ಅವರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನನ್ನು ತಂದಿತು. ಗ್ರಾಹಕರು ಆ್ಯಪ್‌ನಲ್ಲಿ ಒಂದೋ ಎರಡೋ ನಕ್ಷತ್ರ ಒತ್ತಿ ತೀರಿಸಿಕೊಳ್ಳುವ ಸಿಟ್ಟು, ತಡವಾಗಿ ಅಡುಗೆ ಮುಗಿಸಿದ ಹೋಟೆಲನ್ನಾಗಲಿ ಅಸಾಧ್ಯ ಅವಧಿಯನ್ನು ವಾಗ್ದಾನ ಮಾಡಿದ ಕಂಪನಿಯನ್ನಾಗಲಿ ಮುಟ್ಟದೆ, ಮಳೆಯಲ್ಲಿ ಬಂದ ಸವಾರರ ದುಡಿಮೆಯನ್ನು ಮುಟ್ಟುತ್ತದೆ ಎಂಬುದು ಹೊಣೆ ಮತ್ತು ಅಧಿಕಾರಗಳ ಬೇರ್ಪಡುವಿಕೆಗೆ ಇನ್ನೊಂದು ನಿದರ್ಶನ.

ಹಾಗಾದರೆ ಅತೃಪ್ತರಾದ ಜನ ಏನು ಮಾಡಬಲ್ಲರು? ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕೃತಿಯಲ್ಲಿ ಎರಡು ಮುಖ್ಯ ದಾರಿಗಳನ್ನು ಹೇಳಿದರು. ಒಂದು ನಿರ್ಗಮನ, ಅಂದರೆ ಆ ಸಂಸ್ಥೆಯನ್ನು ಬಿಟ್ಟು ಬೇರೆ ಕಡೆಗೆ ಹೋಗುವುದು. ಇನ್ನೊಂದು ದನಿ, ಅಂದರೆ ಉಳಿದುಕೊಂಡು ದೂರಿ, ಒತ್ತಾಯಿಸಿ ಸುಧಾರಿಸುವುದು. ನೈಜೀರಿಯದ ರೈಲ್ವೆಗೆ ಲಾರಿಗಳ ಪೈಪೋಟಿ ಇದ್ದರೂ ರೈಲ್ವೆ ಏಕೆ ಸುಧಾರಿಸಲಿಲ್ಲ ಎಂಬ ಪ್ರಶ್ನೆ ಅವರ ಚಿಂತನೆಗೆ ಒಂದು ಪ್ರೇರಣೆಯಾಗಿತ್ತು. ಗಟ್ಟಿಯಾಗಿ ದೂರಬಲ್ಲ ಗ್ರಾಹಕರೇ ಮೊದಲು ಲಾರಿಗಳ ಕಡೆಗೆ ಹೋದದ್ದರಿಂದ ರೈಲ್ವೆಯ ಮೇಲೆ ಒತ್ತಡ ಹಾಕುವವರು ಉಳಿಯಲಿಲ್ಲ ಎಂಬುದು ಅವರು ಕಂಡುಕೊಂಡ ಉತ್ತರ. ಅನುಕೂಲವಂತರು ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆ, ನೀರಿನ ಟ್ಯಾಂಕರ್, ಇನ್ವರ್ಟರುಗಳ ಮೂಲಕ ಸಾರ್ವಜನಿಕ ವ್ಯವಸ್ಥೆಯಿಂದ ನಿರ್ಗಮಿಸಿದ ನಗರಗಳಲ್ಲಿ ಸಾರ್ವಜನಿಕ ಸೇವೆಗಳ ಪರವಾಗಿ ಏಳುವ ದನಿ ತೆಳುವಾಗುವುದಕ್ಕೂ ಇದೇ ವಿವರಣೆ ಹೊಂದುತ್ತದೆ. ಜಾತಿ ಆದಾಯ ಪ್ರಮಾಣಪತ್ರಕ್ಕೆ ಎರಡನೆಯ ನಾಡಕಚೇರಿ ಇಲ್ಲ, ಸಾಲ ಮಾಡಿ ಕೊಂಡ ಫ್ಲ್ಯಾಟನ್ನು ನೆರೆಯವರ ಗಲಾಟೆಯ ಕಾರಣಕ್ಕೆ ಬಿಟ್ಟುಹೋಗಲು ಸಾಧ್ಯವಿಲ್ಲ. ನಿರ್ಗಮನದ ಬಾಗಿಲು ಮುಚ್ಚಿರುವ ಇಂತಹ ಕಡೆ ದನಿಗೆ ಕಾನೂನಿನ ಬಲ ಕೊಡುವುದೊಂದೇ ದಾರಿ.

ಕರ್ನಾಟಕ ಈ ದಿಕ್ಕಿನಲ್ಲಿ ಇಟ್ಟ ಮುಖ್ಯ ಹೆಜ್ಜೆ ಸಕಾಲ. ಸಾರ್ವಜನಿಕ ಸೇವೆಗಳಿಗೆ ಕಾಲಮಿತಿಯ ಖಾತರಿ ನೀಡುವ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದ್ದು ಮಧ್ಯಪ್ರದೇಶ, 2010ರಲ್ಲಿ. ಕರ್ನಾಟಕದ ಅಧಿನಿಯಮ 2011ರದು, ಅದರ ಅನುಷ್ಠಾನ 2012ರ ಏಪ್ರಿಲ್‌ನಲ್ಲಿ ರಾಜ್ಯವ್ಯಾಪಿಯಾಯಿತು. ಇದರ ಪ್ರಕಾರ ಪ್ರತಿ ಅರ್ಜಿಗೂ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಸಿಗುತ್ತದೆ, ಪ್ರತಿ ಸೇವೆಗೂ ನಿಗದಿತ ದಿನಗಳಿರುತ್ತವೆ, ಅದನ್ನು ಕೊಡಬೇಕಾದ ಅಧಿಕಾರಿಯ ಹುದ್ದೆ ಗೊತ್ತಿರುತ್ತದೆ ಮತ್ತು ತಡವಾದರೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಲು ಅರ್ಜಿದಾರರಿಗೆ ಹಕ್ಕಿದೆ, ಆ ಮೊತ್ತವನ್ನು ಹೊಣೆಗಾರ ನೌಕರರಿಂದ ವಸೂಲು ಮಾಡಬಹುದು. ದಿನಕ್ಕೆ 20 ರೂಪಾಯಿ ಯಾವ ದಿನಗೂಲಿಯವರ ನಷ್ಟವನ್ನೂ ತುಂಬಿಕೊಡುವುದಿಲ್ಲವೆಂಬುದು ನಿಜ. ಆದರೂ ಈ ಕಾನೂನಿನ ಮಹತ್ವ ಮೊತ್ತದಲ್ಲಿಲ್ಲ, ಅರ್ಜಿ ಎಂದು ಬಂತೆಂಬುದಕ್ಕೆ ಅಳಿಸಲಾಗದ ದಾಖಲೆ ಇರುವುದರಲ್ಲಿ ಮತ್ತು ಹೊಣೆ ಒಂದು ಹುದ್ದೆಗೆ ಅಂಟಿಕೊಳ್ಳುವುದರಲ್ಲಿದೆ. ಅದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಪರಿಹಾರವನ್ನು ಅರ್ಜಿದಾರರೇ ಕೇಳಬೇಕು, ನಾಳೆ ಮತ್ತೆ ಅದೇ ಕಚೇರಿಗೆ ಬರಬೇಕಾದವರು ಅದೇ ನೌಕರರ ವಿರುದ್ಧ ಮೇಲ್ಮನವಿ ಬರೆಯಲು ಹಿಂಜರಿಯುತ್ತಾರೆ. ಅರ್ಜಿಯನ್ನೇ ದಾಖಲಿಸಿಕೊಳ್ಳದೆ ‘ಕಾಗದ ಸರಿಯಿಲ್ಲ’ ಎಂದು ಬಾಯಿಮಾತಿನಲ್ಲಿ ಹಿಂದಕ್ಕೆ ಕಳುಹಿಸಿದರೆ ಕಾಲಮಿತಿಯ ಗಡಿಯಾರ ಓಡಲು ಆರಂಭಿಸುವುದೇ ಇಲ್ಲ.

ಕೇಳದೆಯೇ ಸಿಗುವ ಪರಿಹಾರ ಈ ದೃಷ್ಟಿಯಿಂದ ಹೆಚ್ಚು ಪರಿಣಾಮಕಾರಿ. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ, ವಹಿವಾಟಿನ ದಿನದ ನಂತರದ 5 ದಿನಗಳೊಳಗೆ ಬ್ಯಾಂಕು ತಾನಾಗಿ ಹಣ ಮರಳಿಸಬೇಕು, ಅದನ್ನು ಮೀರಿದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ದೂರು ಕೊಡಲೆಂದು ಕಾಯದೆ ಜಮಾ ಮಾಡಬೇಕು ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ವಿಳಂಬ ಬ್ಯಾಂಕಿನದೇ ಲೆಕ್ಕದಲ್ಲಿ ಖರ್ಚಾಗಿ ಮೂಡುವಂತೆ ಮಾಡಿದ್ದು ಈ ಆದೇಶದ ಜಾಣ್ಮೆ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿ ತರದಿದ್ದರೆ ಶುಲ್ಕವಿಲ್ಲದೆ ಒಂಬುಡ್ಸ್‌ಮನ್, ಅಂದರೆ ಸ್ವತಂತ್ರವಾಗಿ ದೂರು ವಿಚಾರಿಸುವ ಅಧಿಕಾರಿಯ ಬಳಿಗೆ ಹೋಗುವ ಅವಕಾಶವೂ ಇದೆ. 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯು ದೂರುದಾರರ ಹಣದ ನಷ್ಟವಲ್ಲದೆ ಅವರ ಸಮಯ, ವೆಚ್ಚ, ಕಿರುಕುಳ ಮತ್ತು ಮಾನಸಿಕ ಯಾತನೆಗಾಗಿ 1 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಒಂಬುಡ್ಸ್‌ಮನ್‌ಗೆ ನೀಡಿತು. ಆನ್‌ಲೈನ್ ವ್ಯಾಪಾರದ ಸಂಸ್ಥೆಗಳು ದೂರು ಅಧಿಕಾರಿಯನ್ನು ನೇಮಿಸಬೇಕು, ಆ ಅಧಿಕಾರಿ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿರುವುದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬುದು 2020ರ ಇ-ಕಾಮರ್ಸ್ ನಿಯಮಗಳ ವಿಧಿ. ಸೇರುವುದು ಒಂದು ಬೆರಳಿನ ಕೆಲಸವಾಗಿ, ಚಂದಾ ರದ್ದುಪಡಿಸುವುದು ಹತ್ತು ಪುಟಗಳ ಅಲೆದಾಟವಾಗುವಂತೆ ರೂಪಿಸುವ ತಂತ್ರವನ್ನು ಚಂದಾ ಬಲೆ ಎಂದು ಹೆಸರಿಸಿ, ಅಂತಹ 13 ಬಗೆಯ ವಂಚಕ ವಿನ್ಯಾಸಗಳನ್ನು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ಇವುಗಳಾಚೆಗೆ ಇರುವುದು ಗ್ರಾಹಕ ಆಯೋಗ. 1986ರ ಕಾಯಿದೆಯ ಜಾಗದಲ್ಲಿ ಬಂದು 2020ರ ಜುಲೈನಲ್ಲಿ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ತೆತ್ತ ಬೆಲೆ 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಜಿಲ್ಲಾ ಆಯೋಗ ವಿಚಾರಿಸುತ್ತದೆ. ಆ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ, ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ತೊಂದರೆಯಾದಂದಿನಿಂದ ಎರಡು ವರ್ಷಗಳ ಅವಧಿಯಿದೆ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ, ಸಾರ್ವಜನಿಕ ಪ್ರಾಧಿಕಾರಗಳ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ, ಅಧಿಕಾರಿಗಳು ಕೊಟ್ಟ ಕಿರುಕುಳಕ್ಕೆ ನೀಡಿದ ಪರಿಹಾರದ ಹೊರೆ ತೆರಿಗೆದಾರರ ಮೇಲೆ ಬೀಳದೆ ತಪ್ಪಿತಸ್ಥ ಅಧಿಕಾರಿಗಳ ಮೇಲೆ ಬೀಳಬೇಕು ಎಂದು ಹೇಳಿತು. ತತ್ತ್ವ ಇಷ್ಟು ಗಟ್ಟಿಯಾಗಿದ್ದರೂ ಆಚರಣೆ ದುರ್ಬಲವಾಗಿದೆ. ಎದುರು ಪಕ್ಷಕ್ಕೆ ನೋಟಿಸು ತಲುಪಿದ ಮೇಲೆ ಸಾಧ್ಯವಾದಷ್ಟು ಮಟ್ಟಿಗೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಆಶಿಸಿದರೂ ಪ್ರಕರಣಗಳು ವರ್ಷಗಟ್ಟಲೆ ಎಳೆಯುವುದು ಅಪರೂಪವಲ್ಲ. ಕಾಯಿಸಿದ್ದಕ್ಕೆ ನ್ಯಾಯ ಕೇಳಲು ಹೋದವರನ್ನು ಮತ್ತೆ ಕಾಯಿಸುವ ವ್ಯವಸ್ಥೆ ಸಂಸ್ಥೆಗಳಿಗೆ ಯಾವ ಭಯವನ್ನೂ ಹುಟ್ಟಿಸಲಾರದು.

ಒಟ್ಟಾಗಿ ವಾಸಿಸುವ ಕಟ್ಟಡಗಳಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಏಕೆಂದರೆ ಅಲ್ಲಿ ಸೇವೆ ಪಡೆಯುವವರೂ ಒದಗಿಸಬೇಕಾದವರೂ ಒಬ್ಬರೇ. ಅಪಾರ್ಟ್‌ಮೆಂಟ್ ಕೊಂಡವರಿಗೆ ತಮ್ಮ ಮನೆಯ ನಾಲ್ಕು ಗೋಡೆಗಳೊಂದಿಗೆ ಭೂಮಿ, ಮೆಟ್ಟಿಲು, ಲಿಫ್ಟ್, ನೀರಿನ ತೊಟ್ಟಿ, ಒಳಚರಂಡಿಗಳಲ್ಲಿ ಅವಿಭಾಜ್ಯ ಪಾಲು, ಅಂದರೆ ಬೇರ್ಪಡಿಸಿ ಗುರುತಿಸಲಾಗದ ಜಂಟಿ ಹಕ್ಕು, ಬರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮದ ಪ್ರಕಾರ ಸಾಮಾನ್ಯ ವೆಚ್ಚವನ್ನು ಆ ಪಾಲಿಗೆ ಅನುಗುಣವಾಗಿ ಎಲ್ಲರೂ ಭರಿಸಬೇಕು. ನೆಲಮಹಡಿಯವರು ಲಿಫ್ಟ್ ಬಳಸುವುದಿಲ್ಲವೆಂದು, ಬೀಗ ಹಾಕಿದ ಮನೆಯವರು ನೀರು ಬಳಸುವುದಿಲ್ಲವೆಂದು ನಿರ್ವಹಣಾ ಶುಲ್ಕ ಕೊಡಲು ನಿರಾಕರಿಸುವುದು ಸಂಘಗಳ ಸಭೆಗಳಲ್ಲಿ ಮಾಮೂಲಿ ವಾದ. ಆದರೆ ಸಾಮಾನ್ಯ ಸೌಲಭ್ಯದ ಬಳಕೆಯನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಯಾವ ಮಾಲೀಕರಿಗೂ ವೆಚ್ಚದಿಂದ ವಿನಾಯಿತಿ ಸಿಗದೆಂದು ಕಾನೂನು ಸ್ಪಷ್ಟಪಡಿಸುತ್ತದೆ. ತಾನು ಕೊಡದಿದ್ದರೂ ಉಳಿದವರ ಹಣದಲ್ಲಿ ದೀಪ ಉರಿಯುತ್ತದೆ ಎಂದು ಅರಿತವರು ಕೊಡದೆ ಉಳಿಯುವ ಪ್ರವೃತ್ತಿಯನ್ನು ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ಸಾಮೂಹಿಕ ಕ್ರಿಯೆಯ ಮೂಲ ತೊಡಕೆಂದು ವಿಶ್ಲೇಷಿಸಿದ್ದರು. ಹೊಸ ಕಟ್ಟಡಗಳಲ್ಲಿ ಬಿಲ್ಡರುಗಳ ಹೊಣೆ ಹಸ್ತಾಂತರದೊಂದಿಗೆ ಮುಗಿಯುವುದಿಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆಯಡಿ, ಮನೆ ಸ್ವಾಧೀನಕ್ಕೆ ಕೊಟ್ಟ 5 ವರ್ಷಗಳೊಳಗೆ ಕಟ್ಟಡ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ಕಂಡುಬಂದ ದೋಷವನ್ನು ತಿಳಿಸಿದರೆ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಚಾವಣಿ ಸೋರುವುದು ಯಾವಾಗಲೂ ಮೇಲ್ಮನೆಯವರ ತಪ್ಪಲ್ಲ, ಎಷ್ಟೋ ವೇಳೆ ಅದು ಬಚ್ಚಲಿನ ನೀರುತಡೆ ಪದರವನ್ನು ಸರಿಯಾಗಿ ಹಾಕದವರ ತಪ್ಪು ಎಂಬುದು ತಿಳಿದರೆ ಅರ್ಧ ಜಗಳಗಳು ಸರಿಯಾದ ವಿಳಾಸಕ್ಕೆ ಹೋಗುತ್ತವೆ.

ಹಂಚಿಕೊಂಡು ಬದುಕುವ ಕಲೆ ಕನ್ನಡನಾಡಿಗೆ ಹೊಸದಲ್ಲ. ಕೆರೆ ನೀರಾವರಿಯ ಊರುಗಳಲ್ಲಿ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರಗಂಟಿ ಎಂಬ ಹೊಣೆಗಾರ ಇರುತ್ತಿದ್ದ, ಅವನ ದುಡಿಮೆಗೆ ರೈತರು ಬೆಳೆಯಲ್ಲಿ ಪಾಲು ಕೊಡುತ್ತಿದ್ದರು. ನೀರು ಎಷ್ಟು, ಯಾರಿಗೆ ಯಾವಾಗ ಎಂಬುದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆಯಾಗಿತ್ತು. ಆ ಕಟ್ಟಳೆ ಜಾತಿ ಮತ್ತು ಜಮೀನಿನ ಅಸಮಾನತೆಯಿಂದ ಮುಕ್ತವಾಗಿರಲಿಲ್ಲವೆಂಬುದನ್ನೂ ಇಲ್ಲಿ ಮರೆಯಬಾರದು. ಜಗತ್ತಿನ ಹಲವೆಡೆಯ ಇಂತಹ ಸಾಮುದಾಯಿಕ ವ್ಯವಸ್ಥೆಗಳನ್ನು ಪರಿಶೀಲಿಸಿ 1990ರಲ್ಲಿ ಗ್ರಂಥ ರಚಿಸಿದ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದ ಎಲಿನರ್ ಆಸ್ಟ್ರಮ್, ದೀರ್ಘಕಾಲ ಉಳಿದ ವ್ಯವಸ್ಥೆಗಳಲ್ಲಿ ಕೆಲವು ಸಮಾನ ಲಕ್ಷಣಗಳನ್ನು ಗುರುತಿಸಿದರು. ನಿಯಮಕ್ಕೆ ಒಳಪಡುವವರೇ ನಿಯಮ ಮಾಡುವುದರಲ್ಲಿ ಪಾಲ್ಗೊಳ್ಳುವುದು, ಮೇಲ್ವಿಚಾರಣೆ ಇರುವುದು, ಮೊದಲ ತಪ್ಪಿಗೆ ಚಿಕ್ಕ ದಂಡ ಮತ್ತು ಮರುಕಳಿಸಿದರೆ ದೊಡ್ಡ ದಂಡ ಇರುವುದು, ಜಗಳ ತೀರಿಸಲು ಹತ್ತಿರದ ಮತ್ತು ಖರ್ಚಿಲ್ಲದ ವೇದಿಕೆ ಇರುವುದು ಅವುಗಳಲ್ಲಿ ಮುಖ್ಯವಾದವು. ಬೆಂಗಳೂರಿನ ಬಹುತೇಕ ವಸತಿ ಸಂಘಗಳಲ್ಲಿ ಕೊರತೆಯಾಗಿರುವುದು ಇವೇ. ಪಾರ್ಕಿಂಗ್ ಜಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆರಂಭವಾಗಿ ನೇರವಾಗಿ ಪೊಲೀಸ್ ಠಾಣೆಗೆ ಜಿಗಿಯುತ್ತದೆ, ನಡುವೆ ಕುಳಿತು ಮಾತನಾಡುವ ಮೆಟ್ಟಿಲೇ ಇರುವುದಿಲ್ಲ. ಸಂಘದಲ್ಲಿ ಬಾಡಿಗೆದಾರರಿಗೆ ಮತವಿಲ್ಲ, ಪಿಜಿಗಳಲ್ಲಿ ಒಂದೇ ಕೋಣೆಯನ್ನು ಹಂಚಿಕೊಂಡ ಯುವಕ ಯುವತಿಯರಿಗಂತೂ ಸಂಘವೇ ಇಲ್ಲ. ರಾತ್ರಿಯ ಶಬ್ದದಂತಹ ವಿಷಯದಲ್ಲಿ ಕೂಡ, ವಸತಿ ಪ್ರದೇಶಕ್ಕೆ ಹಗಲು 55 ಮತ್ತು ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್‌ಗಳ ಮಿತಿಯನ್ನು 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿದ್ದರೂ, ಅದನ್ನು ಕಟ್ಟಡದ ಒಳಗೆ ಒಪ್ಪಿತ ಕಟ್ಟಳೆಯನ್ನಾಗಿ ಬರೆದುಕೊಂಡ ಸಂಘಗಳು ವಿರಳ.

ಈ ಚರ್ಚೆಯಿಂದ ಹೊರಡುವ ನಿರ್ಣಯಗಳು ಸರಳವಾಗಿವೆ. ಸಂಸ್ಥೆಗಳು ಮತ್ತು ಸರ್ಕಾರ ಸೌಜನ್ಯದ ತರಬೇತಿಗೆ ಹಾಕುವ ಹಣದಲ್ಲಿ ಒಂದು ಪಾಲನ್ನು ಕೌಂಟರಿನ ನೌಕರರ ಸಂಖ್ಯೆ ಹೆಚ್ಚಿಸಲು ಮತ್ತು ಸಣ್ಣ ತಪ್ಪುಗಳನ್ನು ಅಲ್ಲಿಯೇ ಸರಿಪಡಿಸುವ ಅಧಿಕಾರವನ್ನು ಅವರಿಗೆ ಕೊಡಲು ವಿನಿಯೋಗಿಸಿದರೆ ಸೌಜನ್ಯ ತಾನಾಗಿ ಹಿಂಬಾಲಿಸುತ್ತದೆ. ಸಕಾಲದ ಪರಿಹಾರ ಎಟಿಎಂ ಪರಿಹಾರದಂತೆ ಕೇಳದೆಯೇ ಅರ್ಜಿದಾರರ ಖಾತೆಗೆ ಬೀಳುವಂತಾಗಬೇಕು. ವಸತಿ ಸಂಘಗಳು ದಂಡದ ಪಟ್ಟಿಗಿಂತ ಮೊದಲು ಬಾಡಿಗೆದಾರರನ್ನೂ ಒಳಗೊಂಡ ದೂರು ಸಮಿತಿಯೊಂದನ್ನು ರಚಿಸಿಕೊಳ್ಳಬೇಕು. ಗ್ರಾಹಕರು ಮತ್ತು ನಾಗರಿಕರು ಬಾಯಿಮಾತಿನ ದೂರನ್ನು ಬಿಟ್ಟು ಬರಹದ ದೂರಿಗೆ ಬರಬೇಕು: ಸ್ವೀಕೃತಿ ಕೇಳಿ ಪಡೆಯುವುದು, ದೂರಿನ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಳ್ಳುವುದು, ಕಾಲಮಿತಿ ಮುಗಿದ ಮರುದಿನವೇ ಮೇಲಿನ ಹಂತಕ್ಕೆ ಹೋಗುವುದು, ಅಗತ್ಯವಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು ಯಾರ ಕೈಗೂ ಎಟುಕುವ ಕೆಲಸಗಳು. ಕೌಂಟರಿನ ಮುಂದೆ ಕೂಗಾಡಿದ ಸಿಟ್ಟು ಅಧಿಕಾರವಿಲ್ಲದ ನೌಕರರೊಬ್ಬರ ದಿನವನ್ನು ಕೆಡಿಸಿ ಅಲ್ಲಿಗೇ ಮುಗಿಯುತ್ತದೆ. ಕಾಗದಕ್ಕಿಳಿದ ಸಿಟ್ಟಿಗೆ ಮಾತ್ರ ಅಧಿಕಾರ ಇರುವವರು ಉತ್ತರ ಕೊಡಬೇಕಾಗುತ್ತದೆ.